ನಾಯಿ ಊಟ ಬಿಟ್ಟಿದೆಯಾ, ಭೇದಿ ಆಗುತ್ತಿದೆಯಾ, ಮರಿಯ ಕಾಲು ಸೊಟ್ಟಗಾಗುತ್ತಿದೆಯಾ? ತಟ್ಟೆಯಿಂದ ಶುರು ಮಾಡಿ ಕಾರಣ ಹುಡುಕುವ ಬಗೆ

ನಾಯಿಗೆ ಏನೋ ಆಗಿದೆ ಅಂತ ಅನಿಸಿದ ಕೂಡಲೇ ಬಹಳ ಜನ ಮಾಡುವ ಮೊದಲ ಕೆಲಸ ಊಟ ಬದಲಿಸುವುದು. ಅನ್ನ ಬಿಟ್ಟು ಪ್ಯಾಕೆಟ್ ಆಹಾರ, ಆ ಕಂಪನಿ ಬಿಟ್ಟು ಈ ಕಂಪನಿ, ಜೊತೆಗೆ ಪಕ್ಕದ ಮನೆಯವರು ಹೇಳಿದ ಟಾನಿಕ್ಕು. ನಾಲ್ಕು ದಿನ ಕಳೆಯುವಷ್ಟರಲ್ಲಿ ಮೊದಲಿದ್ದ ತೊಂದರೆಯ ಮೇಲೆ ಭೇದಿಯೂ ಸೇರಿಕೊಳ್ಳುತ್ತದೆ. ಯಾವುದರಿಂದ ಏನಾಯಿತು ಅಂತ ಆಮೇಲೆ ಯಾರಿಗೂ ಹೇಳಲು ಆಗುವುದಿಲ್ಲ.

ಅದಕ್ಕೇ ಒಂದೇ ನಿಯಮ ಇಟ್ಟುಕೊಳ್ಳಿ. ಒಂದು ಸಲಕ್ಕೆ ಒಂದೇ ಬದಲಾವಣೆ. ಅದನ್ನೂ ಬರೆದಿಟ್ಟುಕೊಂಡು ಮಾಡಿ. ದುಡ್ಡು ಖರ್ಚಾಗದ ಪರೀಕ್ಷೆಗಳು ಮೊದಲು, ರಕ್ತಪರೀಕ್ಷೆ, ಸ್ಕ್ಯಾನಿಂಗ್ ಆಮೇಲೆ. ಕೆಳಗೆ ಬರೆದಿರುವುದು ಹೆಚ್ಚಾಗಿ ಮನೆಯಲ್ಲೇ ಬೇಯಿಸಿ ಹಾಕುವವರಿಗೆ, ಅನ್ನ ಮೊಸರು, ರಾಗಿ ಅಂಬಲಿ, ಚಿಕನ್ ಅಂಗಡಿಯ ತುಂಡು ಹಾಕುವವರಿಗೆ. ಪ್ಯಾಕೆಟ್ ಆಹಾರ ಹಾಕುವವರಿಗೂ ಬಹುಪಾಲು ಅನ್ವಯಿಸುತ್ತದೆ.

ಇವು ಕಂಡರೆ ಓದುವುದು ನಿಲ್ಲಿಸಿ, ಆಸ್ಪತ್ರೆಗೆ ಹೊರಡಿ

ಹೊಟ್ಟೆ ಡೋಲಿನಂತೆ ಉಬ್ಬಿದೆ, ವಾಂತಿ ಮಾಡಲು ಹೋಗುತ್ತದೆ, ಆದರೆ ಏನೂ ಬರುತ್ತಿಲ್ಲ. ನಾಯಿ ನಿಂತಲ್ಲಿ ನಿಲ್ಲದೆ ಚಡಪಡಿಸುತ್ತಿದೆ. ಇದು ಹೊಟ್ಟೆ ತಿರುಚಿಕೊಂಡಿರುವ ಲಕ್ಷಣ ಇರಬಹುದು. ಜರ್ಮನ್ ಶೆಫರ್ಡ್, ಡಾಬರ್‌ಮನ್, ಗ್ರೇಟ್ ಡೇನ್ ತರಹದ ಎದೆ ಆಳವಾಗಿರುವ ದೊಡ್ಡ ನಾಯಿಗಳಲ್ಲಿ ಜಾಸ್ತಿ. ಇಲ್ಲಿ ಲೆಕ್ಕ ಗಂಟೆಗಳದ್ದು, ಬೆಳಗಾಗಲಿ ಅಂತ ಕಾಯಬೇಡಿ.

ಮರಿಗೆ ವಾಂತಿ, ಜೊತೆಗೆ ರಕ್ತ ಬೆರೆತ, ಕೆಟ್ಟ ವಾಸನೆಯ ಭೇದಿ ಆಗುತ್ತಿದ್ದರೆ ಪಾರ್ವೊ ಅಂತಲೇ ಎಣಿಸಿ ಓಡಿ, ಮರಿಗಳ ಪ್ರಾಣಕ್ಕೇ ಕುತ್ತು ತರುವ ವೈರಸ್ ಕಾಯಿಲೆ ಅದು. ವಸಡು ಬಿಳಿಚಿದೆ ಅಥವಾ ಹಳದಿಯಾಗಿದೆ, ಮಲ ಡಾಂಬರಿನಂತೆ ಕಪ್ಪಗೆ ಅಂಟಂಟಾಗಿದೆ, ಫಿಟ್ಸ್ ಬಂದಿದೆ, ನಿಲ್ಲಲು ಆಗುತ್ತಿಲ್ಲ, ವಿಷ ತಿಂದಿರುವ ಅನುಮಾನ ಇದೆ. ಇವೆಲ್ಲವೂ ಈಗಲೇ ಹೊರಡಬೇಕಾದ ಪಟ್ಟಿಗೇ ಸೇರಿದವು.

ಇನ್ನೊಂದನ್ನು ಒತ್ತಿ ಹೇಳಬೇಕು. ನಾಯಿ ಬಾಯಿ ಮುಚ್ಚಲಾಗದೆ ಜೊಲ್ಲು ಸುರಿಸುತ್ತಾ, ನೀರು ನುಂಗಲು ಒದ್ದಾಡುತ್ತಿದ್ದರೆ ನಮಗೆಲ್ಲ ಮೊದಲು ಹೊಳೆಯುವುದು "ಗಂಟಲಲ್ಲಿ ಮೂಳೆ ಸಿಕ್ಕಿರಬೇಕು" ಅಂತ. ಸಿಕ್ಕಿರಲೂಬಹುದು. ಆದರೆ ರೇಬೀಸ್ ಕೂಡ ಹೀಗೇ ಕಾಣಿಸುತ್ತದೆ, ಅದರಲ್ಲೂ ಬೊಗಳುವ ದನಿ ಬದಲಾಗಿದ್ದರೆ, ಸ್ವಭಾವ ಇದ್ದಕ್ಕಿದ್ದಂತೆ ಬೇರೆಯಾಗಿದ್ದರೆ. ಲಸಿಕೆ ಹಾಕಿಸದ ನಾಯಿಯ ಬಾಯಿಗೆ ಬರಿಗೈ ಹಾಕಲೇಬೇಡಿ. ಕಚ್ಚಿದರೆ, ಗಾಯಕ್ಕೆ ಜೊಲ್ಲು ತಾಗಿದರೆ, ಹರಿಯುವ ನೀರಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು ಅವತ್ತೇ ಆಸ್ಪತ್ರೆಗೆ ಹೋಗಿ ಚುಚ್ಚುಮದ್ದು ಹಾಕಿಸಿಕೊಳ್ಳಿ.

ಯಾವ ತೊಂದರೆಯೇ ಆಗಲಿ, ಮೊದಲ ಐದು ನಿಮಿಷದ ತಪಾಸಣೆ

ತುಟಿ ಎತ್ತಿ ವಸಡು ನೋಡಿ. ಗುಲಾಬಿ ಬಣ್ಣ ಇರಬೇಕು. ಬೆರಳಿಂದ ಒತ್ತಿ ಬಿಟ್ಟರೆ ಬಿಳಿಯಾದ ಜಾಗ ಎರಡು ಸೆಕೆಂಡಿನೊಳಗೆ ಮತ್ತೆ ಗುಲಾಬಿಯಾಗಬೇಕು. ಕೆಲವು ನಾಯಿಗಳ ವಸಡು ಹುಟ್ಟಿನಿಂದಲೇ ಕಪ್ಪು. ಅಂಥದ್ದಕ್ಕೆ ಕಣ್ಣಿನ ಕೆಳರೆಪ್ಪೆಯನ್ನು ಸ್ವಲ್ಪ ಎಳೆದು ಒಳಭಾಗ ನೋಡಿ.

ಭುಜದ ಮೇಲಿನ ಚರ್ಮ ಎತ್ತಿ ಬಿಡಿ. ತಟ್ಟನೆ ಕೂತರೆ ಸರಿ. ನಿಧಾನಕ್ಕೆ ಇಳಿದರೆ ಮೈಯಲ್ಲಿ ನೀರು ಕಡಿಮೆಯಾಗಿದೆ.

ಡಿಜಿಟಲ್ ಥರ್ಮಾಮೀಟರ್ ಒಂದನ್ನು ನಾಯಿಗಂತಲೇ ಬೇರೆ ಇಟ್ಟುಕೊಳ್ಳಿ. ತುದಿಗೆ ವ್ಯಾಸಲೀನ್ ಹಚ್ಚಿ ಗುದದ್ವಾರದಲ್ಲಿ ನೋಡಬೇಕು. 101 ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಸಹಜ. ನಮಗೆ ಜ್ವರ ಅನಿಸುವ ಅಂಕಿ ನಾಯಿಗೆ ಮಾಮೂಲಿ. ಮೂಗು ಒಣಗಿದೆಯಾ ಒದ್ದೆಯಾಗಿದೆಯಾ ಅಂತ ನೋಡಿ ಜ್ವರ ಹೇಳಲು ಆಗುವುದಿಲ್ಲ. 103 ದಾಟಿದರೆ ಡಾಕ್ಟರಿಗೆ ಫೋನ್ ಮಾಡಿ, 104 ದಾಟಿದರೆ ಹೊರಡಿ.

ಕೊನೆಯದಾಗಿ, ಕಳೆದ ಮೂರು ದಿನ ನಾಯಿಯ ಬಾಯಿಗೆ ಹೋದದ್ದನ್ನೆಲ್ಲ ಬರೆಯಿರಿ. ಮನೆಯ ಎಲ್ಲರನ್ನೂ ಕೂರಿಸಿ ಕೇಳಿ. ಅಜ್ಜಿ ಕಾಫಿ ಜೊತೆ ಕೊಟ್ಟ ಬಿಸ್ಕೆಟ್, ಮಕ್ಕಳು ಟೇಬಲ್ ಕೆಳಗೆ ಇಳಿಸಿದ ಚಪಾತಿ, ವಾಕಿಂಗ್‌ನಲ್ಲಿ ರಸ್ತೆಯಿಂದ ಎತ್ತಿಕೊಂಡದ್ದು, ಎಲ್ಲ ಸೇರಲಿ. ನಾನು ನೋಡಿದ ಮಟ್ಟಿಗೆ ಈ ಪಟ್ಟಿ ಬರೆಯುವಾಗಲೇ ಎಷ್ಟೋ ಸಲ ಕಾರಣ ಸಿಕ್ಕಿಬಿಡುತ್ತದೆ.

ಊಟ ಮುಟ್ಟುತ್ತಿಲ್ಲ

ಮೊದಲು ಒಂದು ಪ್ರಶ್ನೆ. ನಾಯಿಗೆ ಹಸಿವಿಲ್ಲವಾ, ಅಥವಾ ಹಸಿವಿದ್ದೂ ಈ ಊಟ ಬೇಡವಾ? ಒಂದು ಚೂರು ಬೇಯಿಸಿದ ಚಿಕನ್ನೋ ಮೊಟ್ಟೆಯೋ ಹಿಡಿದು ನೋಡಿ. ಅದನ್ನು ಗಬಕ್ಕನೆ ತಿಂದು ತಟ್ಟೆಯ ಕಡೆ ಮುಖ ತಿರುಗಿಸಿದರೆ ಕಾಯಿಲೆಯ ಸಾಧ್ಯತೆ ಕಡಿಮೆ. ಇಡೀ ದಿನ ಬಾಯಾಡಿಸಲು ಏನೋ ಸಿಗುತ್ತಿದೆ, ಅಥವಾ ತಟ್ಟೆ ಬಿಟ್ಟರೆ ಇದಕ್ಕಿಂತ ರುಚಿಯಾದದ್ದು ಬರುತ್ತದೆ ಅಂತ ಕಲಿತುಬಿಟ್ಟಿದೆ. ಹೊತ್ತಿಗೆ ಸರಿಯಾಗಿ ತಟ್ಟೆ ಇಡಿ, 20 ನಿಮಿಷ ಬಿಟ್ಟು ಎತ್ತಿಬಿಡಿ, ಮಧ್ಯೆ ಏನೂ ಕೊಡಬೇಡಿ. ಆರೋಗ್ಯವಾಗಿರುವ ದೊಡ್ಡ ನಾಯಿ ಒಂದೆರಡು ಹೊತ್ತಿನಲ್ಲಿ ದಾರಿಗೆ ಬರುತ್ತದೆ. ಮರಿಗೆ ಮಾತ್ರ ಈ ಹಟ ಬೇಡ.

ಏಪ್ರಿಲ್, ಮೇ ಸೆಕೆಯಲ್ಲಿ ಮಧ್ಯಾಹ್ನದ ಊಟ ಬಿಡುವುದು ಮಾಮೂಲಿ. ಬೆಳಿಗ್ಗೆ ಏಳರೊಳಗೆ, ರಾತ್ರಿ ತಂಪಾದ ಮೇಲೆ ಹಾಕಿ ನೋಡಿ. ಹೊಸ ಚೀಲ ತೆರೆದ ಮೇಲೆ ಬಿಟ್ಟಿದ್ದರೆ ಚೀಲಕ್ಕೇ ಮೂಗು ಇಟ್ಟು ನೋಡಿ. ಕಮಟು ವಾಸನೆ, ಬೂಷ್ಟು, ಹುಳು ಇದ್ದರೆ ಪೂರ್ತಿ ಎಸೆಯಿರಿ, ಬಿಸಿಲಿಗೆ ಹಾಕಿ ಮತ್ತೆ ಬಳಸಬೇಡಿ. ಬೂಷ್ಟು ಹಿಡಿದ ಜೋಳ, ಕಡಲೆಕಾಯಿಯಲ್ಲಿ ಹುಟ್ಟುವ ಅಫ್ಲಾಟಾಕ್ಸಿನ್ ಅನ್ನುವ ವಿಷ ಬೇಯಿಸಿದರೂ ಹೋಗುವುದಿಲ್ಲ, ಲಿವರ್ ಕೆಡಿಸುತ್ತದೆ. ದೊಡ್ಡ ಚೀಲದಿಂದ ಬಿಡಿಯಾಗಿ ತೂಗಿ ಮಾರುವ ಆಹಾರವನ್ನು ನಾನಂತೂ ಕೊಳ್ಳುವುದಿಲ್ಲ, ಅದು ಯಾವಾಗ ತೆರೆದದ್ದೋ ಯಾರಿಗೂ ಗೊತ್ತಿರುವುದಿಲ್ಲ.

ತಿನ್ನಲು ಬರುತ್ತದೆ, ಬಾಯಿಗೆ ಹಾಕಿಕೊಂಡು ಕೆಳಗೆ ಬೀಳಿಸುತ್ತದೆ, ಒಂದೇ ಕಡೆ ಅಗಿಯುತ್ತದೆ ಅಂದರೆ ತೊಂದರೆ ಹಲ್ಲಿನಲ್ಲಿದೆ. ಹಲ್ಲಿನ ಬುಡದಲ್ಲಿ ಕಂದು ಪಾಚಿ, ಊದಿದ ವಸಡು, ಬಾಯಿಯ ವಾಸನೆ ನೋಡಿ.

ಚಿಕನ್ ಕೂಡ ಬೇಡ, ಮಂಕಾಗಿ ಮಲಗಿದೆ ಅಂದರೆ ಜ್ವರ ನೋಡಿ, ಆಮೇಲೆ ಉಣ್ಣಿ ಹುಡುಕಿ. ಕಿವಿಯ ಒಳಗೆ, ಬೆರಳ ಸಂದಿಯಲ್ಲಿ, ಬಾಲದ ಬುಡದಲ್ಲಿ. ನಮ್ಮ ಕಡೆ ಉಣ್ಣಿ ಜ್ವರ ತುಂಬಾ ಸಾಮಾನ್ಯ, ಮತ್ತು ಎಷ್ಟೋ ನಾಯಿಗಳಲ್ಲಿ ಅದು ಮೊದಲು ತೋರಿಸಿಕೊಳ್ಳುವುದೇ ಊಟ ಬಿಡುವುದರ ಮೂಲಕ. ಜ್ವರ, ಬಿಳಿಚಿದ ವಸಡು, ಮೂಗಿನಿಂದ ರಕ್ತ ಇದ್ದರೆ ರಕ್ತಪರೀಕ್ಷೆ ಆಗಲೇಬೇಕು, ಊಟ ಬದಲಿಸಿ ಏನೂ ಪ್ರಯೋಜನವಿಲ್ಲ.

ಯಾವಾಗ ಕಾಯುವುದು ನಿಲ್ಲಿಸಬೇಕು? ದೊಡ್ಡ ನಾಯಿ 24 ಗಂಟೆ ಏನೂ ತಿನ್ನದಿದ್ದರೆ. ಮರಿಯಾದರೆ 12 ಗಂಟೆ, ಅದಕ್ಕೂ ಮೊದಲೇ ಆದರೆ ಒಳ್ಳೆಯದು. ತೀರಾ ಪುಟ್ಟ ಮರಿ ಹಸಿದು ತೂರಾಡುತ್ತಿದ್ದರೆ ಸಕ್ಕರೆ ಕೆಳಗಿಳಿದಿರಬಹುದು. ಜೇನುತುಪ್ಪವನ್ನು ವಸಡಿಗೆ ಸವರಿ, ಹಾಗೇ ಎತ್ತಿಕೊಂಡು ಹೊರಡಿ. ಪ್ರಜ್ಞೆ ಇಲ್ಲದ ನಾಯಿಯ ಗಂಟಲಿಗೆ ಮಾತ್ರ ಏನನ್ನೂ ಸುರಿಯಬಾರದು.

ಭೇದಿ ಆಗುತ್ತಿದೆ

ನಾಯಿ ಚುರುಕಾಗಿದೆ, ನೀರು ಕುಡಿಯುತ್ತಿದೆ, ವಾಂತಿ ಇಲ್ಲ, ರಕ್ತ ಇಲ್ಲ, ಸುಮ್ನೆ ಮಲ ತೆಳುವಾಗಿದೆ ಅಂದರೆ ಮನೆಯಲ್ಲೇ ಒಂದೆರಡು ದಿನ ನೋಡಬಹುದು.

ಮೊದಲ ಅನುಮಾನ ಹಾಲಿನ ಮೇಲೆ. ತಾಯಿ ಹಾಲು ಬಿಟ್ಟ ಮೇಲೆ ನಾಯಿಗೆ ಹಾಲಿನ ಸಕ್ಕರೆ ಜೀರ್ಣಿಸುವ ಶಕ್ತಿ ಕಡಿಮೆಯಾಗುತ್ತಾ ಹೋಗುತ್ತದೆ. ನಾಲ್ಕು ದಿನ ಹಾಲು ಪೂರ್ತಿ ನಿಲ್ಲಿಸಿ. ಮಲ ಗಟ್ಟಿಯಾದರೆ ಉತ್ತರ ಸಿಕ್ಕಿತು. ಮೊಸರಿನಲ್ಲಿ ಆ ಸಕ್ಕರೆ ಕಡಿಮೆ, ಬಹಳ ನಾಯಿಗಳಿಗೆ ಅದು ಒಗ್ಗುತ್ತದೆ.

ಎರಡನೆಯದು, ಇತ್ತೀಚೆಗೆ ಊಟ ಬದಲಿಸಿದಿರಾ? ಹೊಸ ಆಹಾರಕ್ಕೆ 7 ರಿಂದ 10 ದಿನ ಬೇಕು. ಮೊದಲ ಎರಡು ಮೂರು ದಿನ ಕಾಲು ಭಾಗ ಹೊಸದು, ಆಮೇಲೆ ಅರ್ಧ, ಆಮೇಲೆ ಮುಕ್ಕಾಲು. ಒಂದೇ ದಿನಕ್ಕೆ ಬದಲಿಸಿ "ಈ ಕಂಪನಿಯದ್ದು ಆಗಲ್ಲ" ಅನ್ನುವುದು ಆ ಆಹಾರಕ್ಕೂ ನಾಯಿಗೂ ಮಾಡುವ ಅನ್ಯಾಯ.

ಮೂರನೆಯದು ಜಂತುಹುಳು. ಔಷಧಿ ಕೊಟ್ಟು ಎಷ್ಟು ದಿನ ಆಯಿತು? ಮರಿಗಳಿಗೆ ಎರಡು ವಾರದ ವಯಸ್ಸಿನಿಂದ ಎರಡು ವಾರಕ್ಕೊಮ್ಮೆ, ಮೂರು ತಿಂಗಳಾದ ಮೇಲೆ ಆರು ತಿಂಗಳವರೆಗೆ ತಿಂಗಳಿಗೊಮ್ಮೆ, ಆಮೇಲೆ ಸಾಮಾನ್ಯವಾಗಿ ಮೂರು ತಿಂಗಳಿಗೊಮ್ಮೆ ಕೊಡುತ್ತಾರೆ. ತೂಕ ನೋಡಿ ಕೊಡಬೇಕಾದ ಔಷಧಿ ಅದು, ಕಣ್ಣಳತೆಯಲ್ಲಿ ಹಾಕಬೇಡಿ. ಬಾಲದ ಕೆಳಗೆ ಅಕ್ಕಿ ಕಾಳಿನಂಥದ್ದು ಅಂಟಿದ್ದರೆ ಅದು ಲಾಡಿಹುಳುವಿನ ತುಂಡು. ಅದು ಬರುವುದು ಚಿಗಟದಿಂದ, ಹಾಗಾಗಿ ಚಿಗಟ ಹೋಗದೆ ಹುಳು ಹೋಗುವುದಿಲ್ಲ.

ಈ ದಿನಗಳಲ್ಲಿ ಹಾಕಬೇಕಾದದ್ದು ಮೆತ್ತಗೆ ಬೇಯಿಸಿದ ಅನ್ನ, ಚರ್ಮ ತೆಗೆದು ಬೇಯಿಸಿದ ಚಿಕನ್, ಬೇಕಿದ್ದರೆ ಎರಡು ಚಮಚ ಬೆಂದ ಸಿಹಿಕುಂಬಳಕಾಯಿ. ಎಣ್ಣೆ, ಒಗ್ಗರಣೆ, ಈರುಳ್ಳಿ ಯಾವುದೂ ಬೇಡ. ಮಾಂಸ ಮಾಡದ ಮನೆಯಲ್ಲಿ ತೆಳು ಮೊಸರನ್ನ ನಡೆಯುತ್ತದೆ. ಸ್ವಲ್ಪ ಸ್ವಲ್ಪವಾಗಿ ನಾಲ್ಕು ಸಲ ಕೊಡಿ. ನಮ್ಮ ಭೇದಿ ನಿಲ್ಲಿಸುವ ಮಾತ್ರೆ ಕೊಡಬೇಡಿ. ಕೆಲವು ತಳಿಗಳಲ್ಲಿ ಅದು ಮಿದುಳಿಗೆ ಹೋಗಿ ಅಪಾಯ ಮಾಡುತ್ತದೆ, ಒಳಗೆ ಸೋಂಕಿದ್ದರೆ ವಿಷವನ್ನು ಒಳಗೇ ತಡೆದಿಟ್ಟ ಹಾಗಾಗುತ್ತದೆ.

ಮಲದ ಬಣ್ಣವೂ ಮಾತಾಡುತ್ತದೆ. ಮೇಲೆ ಕೆಂಪು ರಕ್ತದ ಗೆರೆ, ಲೋಳೆ ಇದ್ದರೆ ತೊಂದರೆ ದೊಡ್ಡ ಕರುಳಿನಲ್ಲಿ. ಕಪ್ಪಗಿದ್ದರೆ ಹೊಟ್ಟೆಯಲ್ಲೋ ಸಣ್ಣ ಕರುಳಿನಲ್ಲೋ ರಕ್ತ ಸೋರುತ್ತಿದೆ. ಕಬ್ಬಿಣದ ಟಾನಿಕ್ ಕುಡಿಯುವ ನಾಯಿಗೂ ಮಲ ಕಪ್ಪಗಾಗುತ್ತದೆ, ಅದನ್ನು ಡಾಕ್ಟರಿಗೆ ಹೇಳಿ. ರಾಶಿ ರಾಶಿ, ಮಾಸಲು ಬಣ್ಣದ, ಎಣ್ಣೆ ಜಿಡ್ಡಿನ ಮಲ ವಾರಗಟ್ಟಲೆ ಆಗುತ್ತಾ, ನಾಯಿ ಹಸಿವು ಹಸಿವು ಅಂತ ತಿನ್ನುತ್ತಲೇ ಸೊರಗುತ್ತಿದ್ದರೆ ಮೇದೋಜೀರಕ ಗ್ರಂಥಿ ಕಿಣ್ವ ಬಿಡುತ್ತಿಲ್ಲ ಅಂತ ಅರ್ಥ ಇರಬಹುದು. ಜರ್ಮನ್ ಶೆಫರ್ಡ್‌ಗಳಲ್ಲಿ ಇದು ಹೆಚ್ಚು. ಊಟದ ಜೊತೆ ಕಿಣ್ವದ ಪುಡಿ ಕೊಟ್ಟರೆ ಬಹಳಷ್ಟು ನಾಯಿಗಳು ಚೇತರಿಸಿಕೊಳ್ಳುತ್ತವೆ.

ಎರಡು ದಿನ ದಾಟಿದರೆ, ಮಂಕಾದರೆ, ರಕ್ತ ಕಂಡರೆ ಮನೆಮದ್ದು ನಿಲ್ಲಿಸಿ ಡಾಕ್ಟರಿಗೆ ತೋರಿಸಿ. ಮರಿಗೆ ಆ ಎರಡು ದಿನವೂ ಇಲ್ಲ, ಅವತ್ತೇ ತೋರಿಸಬೇಕು. ಪಾರ್ವೊ ಲಸಿಕೆಯನ್ನು 6 ರಿಂದ 8 ವಾರಕ್ಕೆ ಶುರು ಮಾಡಿ 16 ವಾರ ಆಗುವವರೆಗೆ ಮೂರು ನಾಲ್ಕು ವಾರಕ್ಕೊಮ್ಮೆ ಕೊಡಿಸಬೇಕು. ಮೊದಲ ಒಂದು ಹಾಕಿಸಿ ಮರೆತುಬಿಟ್ಟ ಮರಿ ಸುರಕ್ಷಿತ ಅಲ್ಲ.

ವಾಂತಿ

ಬೆಳಗಿನ ಜಾವ ಹಳದಿ ನೊರೆ, ಆಮೇಲೆ ಏನೂ ಆಗದ ಹಾಗೆ ಆಟ. ಇದು ಬಹುಮಟ್ಟಿಗೆ ಖಾಲಿ ಹೊಟ್ಟೆಯ ಪಿತ್ತ. ಮಲಗುವ ಮುಂಚೆ ಊಟದ ಪಾಲಿನಲ್ಲೇ ಒಂದು ತುತ್ತು ಉಳಿಸಿ ಕೊಡಿ, ಒಂದು ವಾರ ನೋಡಿ.

ತಿಂದ ಕೂಡಲೇ ಜೀರ್ಣವಾಗದ ಅನ್ನ ಹಾಗೇ ಹೊರಬಂದರೆ ಅವಸರದ ಊಟ ಕಾರಣ ಇರಬಹುದು. ಅಗಲವಾದ ತಟ್ಟೆಯಲ್ಲಿ ತೆಳ್ಳಗೆ ಹರಡಿ ಹಾಕಿ, ಎರಡು ನಾಯಿ ಇದ್ದರೆ ಬೇರೆ ಬೇರೆ ಕೋಣೆಯಲ್ಲಿ ಹಾಕಿ. ಹೀಗೆ ಮಾಡಿದರೂ ಪದೇ ಪದೇ ಆದರೆ ಅನ್ನನಾಳ ನೋಡಿಸಬೇಕು.

ಬಾಡೂಟದ ಮರುದಿನದ ವಾಂತಿಗೆ ಬೇರೆ ಕಾರಣ ಇರಬಹುದು. ಕೊಬ್ಬು, ಚರ್ಮ, ಎಣ್ಣೆ ಗ್ರೇವಿ ತಿಂದ ನಾಯಿಯ ಮೇದೋಜೀರಕ ಗ್ರಂಥಿ ಊದಿಕೊಳ್ಳುತ್ತದೆ. ಮುಂಗಾಲು ಚಾಚಿ, ಎದೆ ನೆಲಕ್ಕಿಟ್ಟು, ಹಿಂಭಾಗ ಎತ್ತಿ ನಿಲ್ಲುತ್ತದೆ. ಹೊಟ್ಟೆ ಮುಟ್ಟಲು ಬಿಡುವುದಿಲ್ಲ. ತುಂಬಾ ನೋವಿನ ಕಾಯಿಲೆ ಇದು, ಡ್ರಿಪ್ ಬೇಕಾಗುತ್ತದೆ. ಮನೆಯಲ್ಲಿ ಕಾಯಬಾರದು.

ಮಾವಿನ ಕಾಲದಲ್ಲಿ ನಿಲ್ಲದ ವಾಂತಿ ಶುರುವಾದರೆ ಮೊದಲು ಓಟೆ ಎಣಿಸಿ. ಹಣ್ಣು ಕೊಡಬಹುದು, ಓಟೆ ಕೊಡಬಾರದು. ಜೊಂಡಿನಂತಹ ನಾರಿರುವ ಆ ಓಟೆ, ಜೋಳದ ತೆನೆಯ ದಿಂಡು, ಇವು ಕರುಳಿನಲ್ಲಿ ಸಿಕ್ಕಿಕೊಂಡರೆ ಆಪರೇಷನ್ನೇ ಗತಿ. ತಿಂದದ್ದೆಲ್ಲ ವಾಂತಿ, ಮಲ ಇಲ್ಲ, ನೀರೂ ನಿಲ್ಲುವುದಿಲ್ಲ ಅಂದರೆ ಎಕ್ಸ್‌ರೇ ಅಥವಾ ಸ್ಕ್ಯಾನ್ ಬೇಕು. ಓಟೆ ನುಂಗಿದ್ದು ಕಣ್ಣಾರೆ ಕಂಡಿದ್ದರೆ ಲಕ್ಷಣಕ್ಕೆ ಕಾಯದೆ ಡಾಕ್ಟರಿಗೆ ಫೋನ್ ಮಾಡಿ.

ಮರಿಯ ಕಾಲು ಸೊಟ್ಟಗಾಗುತ್ತಿದೆ, ಕುಂಟುತ್ತಿದೆ

ಇದರ ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ. ಪ್ರೀತಿಯಿಂದ ಸಾಕಿದ ಮನೆಗಳಲ್ಲೇ ಇದನ್ನು ನೋಡುವುದು ನನಗೆ ಬಹಳ ಬೇಸರದ ವಿಷಯ. ಮೂರು ನಾಲ್ಕು ತಿಂಗಳ ಮರಿ, ಮುಂಗಾಲು ಬಿಲ್ಲಿನಂತೆ ಹೊರಗೆ ಬಾಗಿದೆ, ಪಾದ ಚಪ್ಪಟೆಯಾಗಿ ಹರಡಿದೆ, ಮಣಿಕಟ್ಟಿನ ಹತ್ತಿರ ಗಂಟು, ಎತ್ತಿಕೊಂಡರೆ ಕುಂಯ್ ಅನ್ನುತ್ತದೆ. ಊಟ ಏನು ಅಂತ ಕೇಳಿದರೆ ಹಾಲು ಅನ್ನ, ಇಲ್ಲವೇ ಬರೀ ಬೋನ್‌ಲೆಸ್ ಚಿಕನ್.

ಎರಡರಲ್ಲೂ ಇರುವ ಕೊರತೆ ಒಂದೇ, ಕ್ಯಾಲ್ಸಿಯಂ. ಮಾಂಸದಲ್ಲಿ ರಂಜಕ ತುಂಬಾ ಇದೆ, ಕ್ಯಾಲ್ಸಿಯಂ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ರಕ್ತದಲ್ಲಿ ಕ್ಯಾಲ್ಸಿಯಂ ಕೆಳಗಿಳಿಯದಂತೆ ನೋಡಿಕೊಳ್ಳಲು ಮೈ ಅದನ್ನು ಮೂಳೆಯಿಂದಲೇ ಕಿತ್ತುಕೊಳ್ಳುತ್ತದೆ. ಮೂಳೆ ಟೊಳ್ಳಾಗುತ್ತದೆ, ಬಾಗುತ್ತದೆ, ಸೋಫಾದಿಂದ ಜಿಗಿದರೂ ಮುರಿಯಬಹುದು.

"ರಾಗಿ ಕೊಡ್ತೀವಲ್ಲ, ಅದರಲ್ಲಿ ಕ್ಯಾಲ್ಸಿಯಂ ಇದೆಯಲ್ಲ" ಅನ್ನುತ್ತಾರೆ. ನಿಜ, 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಇದೆ, ಅಕ್ಕಿಗೂ ಅದಕ್ಕೂ ಹೋಲಿಕೆಯೇ ಇಲ್ಲ. ಆದರೆ ಬೆಳೆಯುವ ಮರಿಗೆ ಪ್ರತಿ 1000 ಕ್ಯಾಲೊರಿ ಊಟಕ್ಕೆ 3 ಗ್ರಾಂ ಆಸುಪಾಸು ಕ್ಯಾಲ್ಸಿಯಂ ಬೇಕು. ಅಷ್ಟೇ ಕ್ಯಾಲೊರಿಯನ್ನು ಪೂರ್ತಿ ರಾಗಿಯಿಂದಲೇ ಕೊಟ್ಟರೂ ಸಿಗುವುದು ಒಂದು ಗ್ರಾಂಗೆ ಸ್ವಲ್ಪ ಮೇಲೆ. ಅದರಲ್ಲೂ ರಾಗಿಯಲ್ಲೇ ಇರುವ ಫೈಟೇಟ್ ಅನ್ನುವ ಅಂಶ ಒಂದು ಪಾಲನ್ನು ಮೈಗೆ ಸೇರದಂತೆ ಕಟ್ಟಿಹಾಕುತ್ತದೆ. ರಾಗಿ ಒಳ್ಳೆಯದೇ, ಮರಿಗೆ ಅದೊಂದೇ ಸಾಲದು.

"ಬೆಳಗಿನ ಬಿಸಿಲಿಗೆ ಬಿಡ್ತೀವಿ" ಅನ್ನುವುದು ಇನ್ನೊಂದು ಸಮಾಧಾನ. ನಮ್ಮ ಚರ್ಮ ಬಿಸಿಲಲ್ಲಿ ಡಿ ವಿಟಮಿನ್ ತಯಾರಿಸಿಕೊಳ್ಳುವ ಹಾಗೆ ನಾಯಿಯ ಚರ್ಮ ಸಾಕಷ್ಟು ತಯಾರಿಸಿಕೊಳ್ಳುವುದಿಲ್ಲ. ಅದಕ್ಕೆ ಡಿ ವಿಟಮಿನ್ ಊಟದಿಂದಲೇ ಬರಬೇಕು.

ಹಾಗಂತ ಕ್ಯಾಲ್ಸಿಯಂ ಸಿರಪ್ ಬಾಟಲಿ ಬಾಟಲಿ ಕುಡಿಸಬೇಡಿ. ಲ್ಯಾಬ್ರಡಾರ್, ರಾಟ್‌ವೈಲರ್, ಗ್ರೇಟ್ ಡೇನ್ ತರಹದ ದೊಡ್ಡ ತಳಿಯ ಮರಿಗಳಿಗೆ ಕ್ಯಾಲ್ಸಿಯಂ ಅತಿಯಾದರೂ ಮೂಳೆ, ಕೀಲು ಕೆಡುತ್ತವೆ. ಮರಿಗಳ ಆಹಾರ ಅಂತ ಬರೆದಿರುವ ಒಳ್ಳೆಯ ಪ್ಯಾಕೆಟ್ ಹಾಕುತ್ತಿದ್ದರೆ ಅದರಲ್ಲಿ ಲೆಕ್ಕ ಸರಿಯಾಗಿಯೇ ಇರುತ್ತದೆ, ಅದರ ಮೇಲೆ ಸಿರಪ್ ಬೇಡ. ನನ್ನ ಅಭಿಪ್ರಾಯ ಕೇಳಿದರೆ, ಮೊದಲ ಒಂದು ವರ್ಷ ಮರಿಗೆ ಅಂಥ ಪೂರ್ಣ ಆಹಾರವನ್ನೇ ಮುಖ್ಯವಾಗಿ ಹಾಕಿ. ಮನೆ ಅಡುಗೆಯೇ ಬೇಕು ಅನ್ನುವವರು ಡಾಕ್ಟರಿಂದ ಪ್ರಮಾಣ ಬರೆಸಿಕೊಂಡೇ ಮಾಡಿ.

ಕಾಲು ಬಾಗಿರುವ ಮರಿಯನ್ನು ಒಂದು ವಾರದೊಳಗೆ ತೋರಿಸಿ. ಅಲ್ಲಿಯವರೆಗೆ ಮೆಟ್ಟಿಲು, ಜಿಗಿತ, ನುಣುಪು ಟೈಲ್ಸ್ ಮೇಲಿನ ಓಟ ಬೇಡ. ಕುಂಟುತ್ತಿದ್ದರೆ ಎಕ್ಸ್‌ರೇ ಬೇಕು. ಬೇಗ ಹಿಡಿದರೆ ಎಷ್ಟೋ ಮರಿಗಳ ಕಾಲು ಚೆನ್ನಾಗಿ ಸುಧಾರಿಸುತ್ತದೆ.

ಎಷ್ಟು ಹಾಕಿದರೂ ಮೈ ಹಿಡಿಯುತ್ತಿಲ್ಲ

ಮೊದಲು ಅದು ನಿಜವಾಗಿ ಸಣಕಲಾ ಅಂತ ನೋಡಿ. ಪಕ್ಕೆಲುಬಿನ ಮೇಲೆ ಬೆರಳಾಡಿಸಿ. ನಿಮ್ಮ ಅಂಗೈ ಕೆಳಗೆ ಮಾಡಿ, ಅದರ ಹಿಂಬದಿಯ ಮೂಳೆ ಮುಟ್ಟಿದಾಗ ಎಷ್ಟು ಸಿಗುತ್ತದೋ ಅಷ್ಟು ಸಿಕ್ಕರೆ ಸರಿಯಾದ ಮೈ. ಮುಷ್ಟಿ ಕಟ್ಟಿದಾಗಿನ ಗೆಣ್ಣುಗಳ ಹಾಗೆ ಎದ್ದು ಕಂಡರೆ ಸಣಕಲು. ಬಾಗಲಕೋಟೆ ಕಡೆಯ ಮುಧೋಳ ನಾಯಿ ಹುಟ್ಟೇ ತೆಳು, ಓಡುವ ಮೈ ಅದು. ಕೊನೆಯ ಒಂದೆರಡು ಪಕ್ಕೆಲುಬು ಕಾಣುವುದು ಅದಕ್ಕೆ ಸಹಜ. ಅದನ್ನು ಲ್ಯಾಬ್ರಡಾರ್‌ನಂತೆ ತುಂಬಿಸಲು ಹೋಗಬೇಡಿ.

ನಿಜವಾಗಿ ಸಣಕಲಾಗಿದ್ದರೆ ಹುಳುವಿನ ಔಷಧಿ ಆಗಿದೆಯಾ ನೋಡಿ, ಆಮೇಲೆ ತಟ್ಟೆಯ ಲೆಕ್ಕ ಹಾಕಿ. 10 ಕೆ.ಜಿ. ತೂಕದ, ಸಂತಾನಹರಣ ಮಾಡಿಸಿದ, ಬೆಳೆದ ನಾಯಿಗೆ ದಿನಕ್ಕೆ ಸುಮಾರು 600 ಕ್ಯಾಲೊರಿ, 25 ರಿಂದ 30 ಗ್ರಾಂ ಪ್ರೋಟೀನ್ ಬೇಕು. ಆ 600 ಕ್ಯಾಲೊರಿಯನ್ನು ಬರೀ ಅನ್ನದಿಂದ ತುಂಬಿಸಿದರೆ ಸಿಗುವ ಪ್ರೋಟೀನ್ 12 ಗ್ರಾಂ ಸುಮಾರು. ಹೊಟ್ಟೆ ತುಂಬಿದೆ, ಮೈಗೆ ಸಿಕ್ಕಿಲ್ಲ. ಹೊಟ್ಟೆ ದುಂಡಗೆ, ಬೆನ್ನು ಮತ್ತು ತೊಡೆಯ ಮಾಂಸ ಕರಗಿದ ನಾಯಿಯನ್ನು ಕಂಡಾಗ ನಾನು ಮೊದಲು ಕೇಳುವುದು ಇದನ್ನೇ.

ಒಂದು ದಿನದ ಅಂದಾಜು ಹೀಗಿರಬಹುದು. ಬೆಂದ ಅನ್ನ 150 ಗ್ರಾಂ, ಮೂಳೆ ತೆಗೆದು ಬೇಯಿಸಿದ ಚಿಕನ್ 150 ಗ್ರಾಂ, ಬೇಯಿಸಿದ ಮೊಟ್ಟೆ ಒಂದು, ಬೀನ್ಸ್, ಕ್ಯಾರೆಟ್, ಕುಂಬಳಕಾಯಿ ತರಹದ ಬೆಂದ ತರಕಾರಿ ಒಂದು ಹಿಡಿ, ಎಣ್ಣೆ ಒಂದು ಟೀ ಚಮಚ. ಇದರ ಜೊತೆ ಬಿಸಿನೀರಲ್ಲಿ ಕುದಿಸಿ, ಒಣಗಿಸಿ, ನುಣ್ಣಗೆ ಪುಡಿ ಮಾಡಿದ ಮೊಟ್ಟೆ ಚಿಪ್ಪು ಸುಮಾರು ಅರ್ಧ ಟೀ ಚಮಚ. ಇಷ್ಟು ಮಾಡಿದರೂ ಸತು, ಅಯೋಡಿನ್, ಡಿ ವಿಟಮಿನ್ ಕಡಿಮೆಯಾಗುತ್ತವೆ, ಹಾಗಾಗಿ ಡಾಕ್ಟರು ಹೇಳುವ ವಿಟಮಿನ್ ಖನಿಜದ ಪುಡಿ ಬಿಡಬೇಡಿ. ಲಿವರ್ ವಾರದಲ್ಲಿ ಒಂದೆರಡು ಸಲ ಸ್ವಲ್ಪ ಸಾಕು, ದಿನಾ ಹಾಕಿದರೆ ಎ ವಿಟಮಿನ್ ಅತಿಯಾಗುತ್ತದೆ.

ಮಾಂಸ ಮಾಡದ ಮನೆಯವರು ಕೇಳುತ್ತಾರೆ, ಏನು ಮಾಡುವುದು ಅಂತ. ಮೊಟ್ಟೆ ಒಪ್ಪಿಗೆ ಇದ್ದರೆ ಕೆಲಸ ಸುಲಭ. ಒಂದು ಮೊಟ್ಟೆಯಲ್ಲಿ 6 ಗ್ರಾಂ ಪ್ರೋಟೀನ್ ಇದೆ, ಜೊತೆಗೆ ಪನೀರ್, ಮೊಸರು, ಚೆನ್ನಾಗಿ ಬೆಂದ ಹೆಸರುಬೇಳೆ. ಮೊಟ್ಟೆಯೂ ಬೇಡ ಅನ್ನುವ ಮನೆಯಲ್ಲಿ ಪೂರ್ಣ ಆಹಾರ ಅಂತ ಬರೆದಿರುವ ಸಸ್ಯಾಹಾರಿ ಪ್ಯಾಕೆಟ್ ಹಾಕಿ, ವರ್ಷಕ್ಕೊಮ್ಮೆ ರಕ್ತಪರೀಕ್ಷೆ ಮಾಡಿಸಿ. ಬರೀ ಮೊಸರನ್ನದಲ್ಲಿ ನಾಯಿ ಬದುಕುತ್ತದೆ, ಆದರೆ ಚೆನ್ನಾಗಿ ಬದುಕುವುದಿಲ್ಲ.

ಊಟ ಸರಿಯಾಗಿದ್ದು, ಹುಳು ಇಲ್ಲದಿದ್ದರೂ ಒಂದು ತಿಂಗಳಲ್ಲಿ ಮೈ ಬರದಿದ್ದರೆ ರಕ್ತ, ಮಲ ಎರಡನ್ನೂ ಪರೀಕ್ಷೆ ಮಾಡಿಸಿ.

ದಪ್ಪಗಾಗುತ್ತಿದೆ

ಪಕ್ಕೆಲುಬು ಒತ್ತಿ ಹುಡುಕಬೇಕಾಗಿದೆ, ಮೇಲಿಂದ ನೋಡಿದರೆ ಸೊಂಟ ಇಲ್ಲ. ಕಾರಣ ಬಹಳ ಸಲ ತಟ್ಟೆಯಲ್ಲಿರುವುದಿಲ್ಲ, ತಟ್ಟೆಯ ಹೊರಗಿರುತ್ತದೆ. ಒಂದು ಮೇರಿ ಬಿಸ್ಕೆಟ್ ಸುಮಾರು 25 ಕ್ಯಾಲೊರಿ. ದಿನಕ್ಕೆ ಐದು ಅಂದರೆ ಆ 10 ಕೆ.ಜಿ. ನಾಯಿಯ ಊಟದ ಐದನೇ ಒಂದು ಪಾಲು ಆಗಿಹೋಯಿತು! ತಿಂಡಿ ಎಲ್ಲ ಸೇರಿ ದಿನದ ಊಟದ ಹತ್ತನೇ ಒಂದು ಪಾಲು ದಾಟಬಾರದು. ಬಿಸ್ಕೆಟ್ ಜಾಗಕ್ಕೆ ಸೌತೆಕಾಯಿ, ಕ್ಯಾರೆಟ್ ತುಂಡು ಕೊಡಿ. ನಾಯಿಗೆ ಬೇಕಿರುವುದು ನಿಮ್ಮ ಕೈಯಿಂದ ಏನೋ ಒಂದು ಸಿಗುವುದು, ಅಲ್ವಾ?

ಸಂತಾನಹರಣ ಆಪರೇಷನ್ ಆದ ಮೇಲೆ ಊಟ ಸುಮಾರು ಕಾಲು ಭಾಗ ಇಳಿಸಬೇಕು. ತೂಕ ವಾರಕ್ಕೆ ಶೇ. 1 ರಿಂದ 2 ಇಳಿದರೆ ಸಾಕು, ಉಪವಾಸ ಹಾಕಬೇಡಿ. ಅಳೆದು ಹಾಕಿಯೂ ಇಳಿಯದಿದ್ದರೆ, ಕೂದಲು ತೆಳುವಾಗಿ ಸದಾ ನಿದ್ದೆ ಮಾಡುತ್ತಿದ್ದರೆ, ಥೈರಾಯ್ಡ್ ಪರೀಕ್ಷೆಗೆ ಕೇಳಿ.

ಕೆರೆತ, ಕೂದಲು ಉದುರುವುದು

ಮೊದಲು ಚಿಗಟ. ಬಾಲದ ಬುಡದ ಕೂದಲು ಬಾಚಿ, ಉದುರಿದ ಕಪ್ಪು ಪುಡಿಯನ್ನು ಒದ್ದೆ ಬಿಳಿ ಬಟ್ಟೆಯ ಮೇಲೆ ಉಜ್ಜಿ. ಕೆಂಪಾದರೆ ಅದು ಚಿಗಟದ ಹಿಕ್ಕೆ, ಆಹಾರದ ತಪ್ಪಲ್ಲ. ಎರಡನೆಯದು ಕಜ್ಜಿ, ಬೂಷ್ಟು ಸೋಂಕು. ಇವಕ್ಕೆ ಚರ್ಮ ಕೆರೆದು ನೋಡಬೇಕು, ಅಗ್ಗದ ಪರೀಕ್ಷೆ.

ಇವೆಲ್ಲ ಇಲ್ಲದೆ ವರ್ಷವಿಡೀ ಪಾದ ನೆಕ್ಕುವುದು, ಕಿವಿ ಮತ್ತೆ ಮತ್ತೆ ಕೆಡುವುದು, ಗುದದ ಸುತ್ತ ಉಜ್ಜಿಕೊಳ್ಳುವುದು ಇದ್ದರೆ ಆಹಾರದ ಅಲರ್ಜಿ ಅನುಮಾನಿಸಿ. ಅಲರ್ಜಿ ಬರುವುದು ಹೊಸದಾಗಿ ಹಾಕಿದ್ದರಿಂದಲೇ ಅಂತೇನಿಲ್ಲ, ವರ್ಷಗಟ್ಟಲೆ ತಿಂದ ಚಿಕನ್, ಹಾಲು, ದನದ ಮಾಂಸ, ಗೋಧಿಯಿಂದಲೂ ಬರುತ್ತದೆ. ಪತ್ತೆಗೆ ಒಂದೇ ನಂಬಿಕೆಯ ದಾರಿ, ಇದುವರೆಗೆ ತಿನ್ನದ ಒಂದು ಪ್ರೋಟೀನ್, ಒಂದು ಧಾನ್ಯ, ಎಂಟು ವಾರ. ಮಧ್ಯೆ ಒಂದು ಬಿಸ್ಕೆಟ್ ಬಿದ್ದರೂ ಲೆಕ್ಕ ಕೆಡುತ್ತದೆ. ಕಡಿಮೆಯಾದರೆ ಹಳೆಯ ಊಟ ಮತ್ತೆ ಹಾಕಿ, ಕೆರೆತ ಮರಳಿದರೆ ಮಾತ್ರ ಖಚಿತ. ಡಾಕ್ಟರ ಜೊತೆ ಮಾತಾಡಿ ಇದನ್ನು ಶುರು ಮಾಡಿ, ಮರಿಗೆ ಸ್ವಂತವಾಗಿ ಮಾಡಬೇಡಿ.

ತಿಣುಕುತ್ತದೆ, ಮಲ ಗಟ್ಟಿ

ಮಲ ಸುಣ್ಣದಂತೆ ಬೆಳ್ಳಗೆ, ಪುಡಿಪುಡಿಯಾಗಿದ್ದರೆ ಮೂಳೆ ಜಾಸ್ತಿಯಾಗಿದೆ. ಮೂಳೆ ನಿಲ್ಲಿಸಿ, ಊಟಕ್ಕೆ ನೀರು ಬೆರೆಸಿ, ಬೆಂದ ಕುಂಬಳಕಾಯಿ ಹಾಕಿ. ಬೇಯಿಸಿದ ಕೋಳಿ ಮೂಳೆ ಸೀಳಿ ಚೂಪಾಗುತ್ತದೆ, ಕರುಳು ಚುಚ್ಚುತ್ತದೆ. ಸಾರಿನಲ್ಲಿ ಉಳಿದ ಮೂಳೆ ನಾಯಿಗೆ ಅನ್ನುವ ರೂಢಿಯನ್ನು ದಯವಿಟ್ಟು ಬಿಡಿ. ಎರಡು ದಿನ ಮಲ ಇಲ್ಲದಿದ್ದರೆ, ತಿಣುಕುವಾಗ ಅತ್ತರೆ ತೋರಿಸಿ. ಗಂಡು ನಾಯಿ ತಿಣುಕುವುದು ಮೂತ್ರ ಕಟ್ಟಿಯೂ ಇರಬಹುದು. ಮೂತ್ರ ಹನಿಯೂ ಬರುತ್ತಿಲ್ಲ ಅಂದರೆ ಅದು ತುರ್ತು.

ನೀರು ತುಂಬಾ ಕುಡಿಯುತ್ತಿದೆ

ಅಳತೆಯ ಲೋಟದಲ್ಲಿ ಹಾಕಿ ಒಂದು ದಿನದ ಲೆಕ್ಕ ತೆಗೆಯಿರಿ. ಪ್ರತಿ ಕೆ.ಜಿ. ತೂಕಕ್ಕೆ 50 ರಿಂದ 60 ಮಿ.ಲೀ. ಸಹಜ. ಅನ್ನದಿಂದ ಒಣ ಆಹಾರಕ್ಕೆ ಬಂದ ನಾಯಿ ಜಾಸ್ತಿ ಕುಡಿಯುತ್ತದೆ, ಬೇಸಿಗೆಯಲ್ಲೂ ಅಷ್ಟೇ. 100 ಮಿ.ಲೀ. ದಾಟಿದರೆ ಕಿಡ್ನಿ, ಸಕ್ಕರೆ ಕಾಯಿಲೆ ನೋಡಿಸಬೇಕು. ಆಪರೇಷನ್ ಆಗದ ಹೆಣ್ಣು ನಾಯಿ ಬೆದೆ ಮುಗಿದು ಕೆಲವು ವಾರಕ್ಕೆ ನೀರು ಜಾಸ್ತಿ ಕುಡಿದು ಮಂಕಾದರೆ ಗರ್ಭಕೋಶದಲ್ಲಿ ಕೀವು ತುಂಬಿರಬಹುದು, ತಡ ಮಾಡಬೇಡಿ. ಏನೇ ಆದರೂ ನೀರು ಮುಚ್ಚಿಡಬಾರದು.

ತಿನ್ನಬಾರದ್ದನ್ನು ತಿಂದಿದೆ

ಈರುಳ್ಳಿ, ಬೆಳ್ಳುಳ್ಳಿ ಬೆಂದಿದ್ದರೂ ವಿಷವೇ, ರಕ್ತಕಣ ಒಡೆಯುತ್ತವೆ. ಲಕ್ಷಣ ಮೂರು ನಾಲ್ಕು ದಿನ ಬಿಟ್ಟು ಬರುತ್ತದೆ, ಮೂತ್ರ ಕಂದು, ವಸಡು ಬಿಳಿ. ಸಾಂಬಾರ್ ಅನ್ನ, ಚಿಕನ್ ಸಾರು ದಿನಾ ತಿನ್ನುವ ನಾಯಿಗಳ ಮನೆಯವರು ಇದನ್ನು ಗಮನಿಸಿ, ನಾಯಿಯ ಪಾಲನ್ನು ಮಸಾಲೆ ಹಾಕುವ ಮುಂಚೆಯೇ ತೆಗೆದಿಡಿ. ದ್ರಾಕ್ಷಿ, ಪಾಯಸದ ಒಣದ್ರಾಕ್ಷಿ ಕಿಡ್ನಿ ಕೆಡಿಸುತ್ತವೆ, ಯಾವ ನಾಯಿಗೆ ಎಷ್ಟು ಸಾಕು ಅಂತ ಹೇಳಲು ಬರುವುದಿಲ್ಲ. ಚಾಕೊಲೇಟ್ ಕಪ್ಪಾದಷ್ಟೂ ಅಪಾಯ. ಸಕ್ಕರೆ ರಹಿತ ಚೂಯಿಂಗ್ ಗಮ್‌ನಲ್ಲಿ ಸಿಹಿಗೆ ಹಾಕುವ ಕ್ಸೈಲಿಟಾಲ್ ನಿಮಿಷಗಳಲ್ಲೇ ರಕ್ತದ ಸಕ್ಕರೆ ಕುಸಿಯುವಂತೆ ಮಾಡಬಹುದು. ಪ್ಯಾರಾಸಿಟಮಾಲ್, ಐಬುಪ್ರೊಫೆನ್, ಡೈಕ್ಲೊಫೆನಾಕ್ ಯಾವುದನ್ನೂ ಸ್ವಂತ ಬುದ್ಧಿಯಿಂದ ಕೊಡಬೇಡಿ.

ಕೈತೋಟ ಇರುವವರು ಹರಳು ಹಿಂಡಿಯ ಬಗ್ಗೆ ಎಚ್ಚರ. ಗಿಡಕ್ಕೆ ಹಾಕುವ ಆ ಗೊಬ್ಬರದ ವಾಸನೆಗೆ ನಾಯಿ ಮಣ್ಣು ಕೆದಕಿ ತಿನ್ನುತ್ತದೆ, ಅದರಲ್ಲಿ ಉಳಿದಿರುವ ರಿಸಿನ್ ಅನ್ನುವ ವಿಷ ಪ್ರಾಣ ತೆಗೆಯಬಹುದು.

ಉಪ್ಪು ನೀರು ಕುಡಿಸಿ ವಾಂತಿ ಮಾಡಿಸುವುದು ತಪ್ಪು, ಉಪ್ಪೇ ವಿಷವಾಗುತ್ತದೆ. ಬಾಯಲ್ಲಿ ಉಳಿದದ್ದನ್ನು ತೆಗೆಯಿರಿ, ಏನು, ಎಷ್ಟು, ಯಾವಾಗ ಅಂತ ಫೋನಿನಲ್ಲಿ ಹೇಳಿ, ಪ್ಯಾಕೆಟ್ ಹಿಡಿದು ಹೊರಡಿ. ರಾತ್ರಿ ತಟ್ಟೆ ಹೊರಗೆ ಬಿಡುವುದೂ ಬೇಡ. ಇಲಿ ಬರುತ್ತವೆ, ಅವುಗಳ ಮೂತ್ರದಿಂದ ಇಲಿಜ್ವರ ನಾಯಿಗೂ ನಮಗೂ ಬರುತ್ತದೆ.

ಡಾಕ್ಟರ ಹತ್ತಿರ ಹೋಗುವಾಗ

ಆ ದಿನದ ಮಲವನ್ನು ಮುಚ್ಚಳ ಇರುವ ಶುದ್ಧ ಡಬ್ಬಿಯಲ್ಲಿ ತೆಗೆದುಕೊಳ್ಳಿ, ಕೆಲವು ಗಂಟೆಗಳೊಳಗಿನದಾದರೆ ಒಳ್ಳೆಯದು. ವಾಂತಿಯ ಫೋಟೊ, ಕುಂಟುವುದರ ವಿಡಿಯೊ, ಆಹಾರದ ಪ್ಯಾಕೆಟ್ಟಿನ ಹಿಂಬದಿಯ ಫೋಟೊ, ಲಸಿಕೆ ಪುಸ್ತಕ, ಹುಳುವಿನ ಔಷಧಿ ಕೊಟ್ಟ ದಿನ, ಮತ್ತು ಮೂರು ದಿನದ ಆ ಪಟ್ಟಿ. ಇದುವರೆಗೆ ಕೊಟ್ಟ ಮಾತ್ರೆಗಳನ್ನು ಮುಚ್ಚಿಡಬೇಡಿ. ತಾಲ್ಲೂಕು ಪಶು ಆಸ್ಪತ್ರೆಯಲ್ಲಿ ರಕ್ತಪರೀಕ್ಷೆ, ಎಕ್ಸ್‌ರೇ ಇಲ್ಲ ಅಂದರೆ ಬೆಂಗಳೂರಿನ ಹೆಬ್ಬಾಳ, ಶಿವಮೊಗ್ಗ, ಹಾಸನ, ಬೀದರ್‌ನ ಪಶುವೈದ್ಯಕೀಯ ಕಾಲೇಜುಗಳಿವೆ. ದೂರದಿಂದ ಹೊರಡುವವರು ಮೊದಲೇ ಫೋನ್ ಮಾಡಿ ಸಮಯ ಕೇಳಿಕೊಳ್ಳಿ, ಹೊಟ್ಟೆಯ ಸ್ಕ್ಯಾನ್ ಇದ್ದರೆ ಎಷ್ಟು ಹೊತ್ತು ಊಟ ನಿಲ್ಲಿಸಬೇಕು ಅಂತಲೂ ಆಗಲೇ ಕೇಳಿ.